ತಂಗಳು ಬ್ರೆಡ್ಡಿಗೇಕೆ ನಾಚಿಕೆ?

ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ಒಂದು ಕನ್ನಡದ ಮನೆ, ಭಾನುವಾರ ಬೆಳಿಗ್ಗೆ. ನಾಲ್ಕು ದಿನದ ಹಿಂದೆ ತಂದ ಬ್ರೆಡ್ಡಿನಲ್ಲಿ ಆರು ಹೋಳು ಉಳಿದಿವೆ. ಮಕ್ಕಳು ಫ್ರೆಂಚ್ ಟೋಸ್ಟ್ ಬೇಕೆಂದು ಕೂತಿದ್ದಾರೆ. ಅಪ್ಪ ಫೋನ್ ತೆಗೆದು ಹೊಸ ಬ್ರೆಡ್ ಆರ್ಡರ್ ಮಾಡುತ್ತಾನೆ. ವಿಡಿಯೊದಲ್ಲಿ ತೋರಿಸಿದ ಹಾಗೆ ದಪ್ಪ ಹೋಳಿನದು, ಮೆತ್ತಗಿನದು. ಹಳೆಯ ಆರು ಹೋಳು ಕವರಿನ ಸಮೇತ ಮನೆಗೆಲಸಕ್ಕೆ ಬರುವಾಕೆಯ ಕೈಗೆ ಹೋಗುತ್ತವೆ, ಚೆನ್ನಾಗಿಯೇ ಇದೆ ಎಂಬ ಮಾತಿನ ಜೊತೆಗೆ. ಚೆನ್ನಾಗಿದ್ದರೆ ನೀವೇ ಏಕೆ ತಿನ್ನಲಿಲ್ಲ ಎಂದು ಆಕೆ ಕೇಳುವುದಿಲ್ಲ.

ಅಲ್ಲಿ ಎರಡು ತಪ್ಪುಗಳಾದವು. ಒಂದು ಅಡುಗೆಯದು, ಇನ್ನೊಂದು ಅದಕ್ಕಿಂತ ದೊಡ್ಡದು.

ಅಡುಗೆಯ ತಪ್ಪು ಆ ತಿಂಡಿಯ ಹೆಸರಿನಲ್ಲೇ ಗೊತ್ತಾಗುತ್ತದೆ. ಫ್ರೆಂಚರು ಅದನ್ನು ಫ್ರೆಂಚ್ ಟೋಸ್ಟ್ ಎನ್ನುವುದಿಲ್ಲ, ‘ಪ್ಯಾಂ ಪೆರ್ದ್ಯು’ ಎನ್ನುತ್ತಾರೆ. ಅಂದರೆ ಕೈಬಿಟ್ಟುಹೋದ ಬ್ರೆಡ್. ಜರ್ಮನರ ಬಾಯಲ್ಲಿ ಅದು ‘ಆರ್ಮೆ ರಿಟರ್’, ಬಡ ಸರದಾರರು. ಸ್ಪೇನಿನಲ್ಲಿ ಈಸ್ಟರಿಗೆ ಮುಂಚಿನ ವಾರದಲ್ಲಿ ಮಾಡುವ ‘ತೊರೀಹಾ’ಗಳಿಗೂ ಹಳೆಯ ಬ್ರೆಡ್ಡೇ ಆಗಬೇಕು. ಊರೂರಿನಲ್ಲೂ ಇದು ಮಿಕ್ಕಿದ್ದನ್ನು ಉಳಿಸಿಕೊಳ್ಳುವ ಉಪಾಯ. ಅದನ್ನು ಮಾಡಲೆಂದೇ ಹೊಸ ಬ್ರೆಡ್ ತರಿಸುವುದೆಂದರೆ, ಚಿತ್ರಾನ್ನಕ್ಕೆಂದು ಬಿಸಿ ಅನ್ನ ಮಾಡಿ, ರಾತ್ರಿಯ ಅನ್ನವನ್ನು ಚೆಲ್ಲಿದ ಹಾಗೆ.

ಹೆಸರಿನ ವಾದ ಬೇಡ ಎನ್ನುವವರಿಗೆ ಬಾಣಲೆಯೇ ಸಾಕ್ಷಿ ಹೇಳುತ್ತದೆ. ಹೊಸ ಬ್ರೆಡ್ ಹಾಲಿಗೆ ಬಿದ್ದರೆ ಮುದ್ದೆಯಾಗುತ್ತದೆ, ಎತ್ತುವಾಗ ಹರಿಯುತ್ತದೆ. ಹಳೆಯ ಬ್ರೆಡ್ಡಿನಲ್ಲಿ ನೀರಿನಂಶ ಕಡಿಮೆ. ಅದರ ಪಿಷ್ಟವೂ ಮತ್ತೆ ಹರಳುಗಟ್ಟಿ ಗಡುಸಾಗಿರುತ್ತದೆ. ಹಾಗಾಗಿ ಹಾಲು ಕುಡಿದೂ ಆಕಾರ ಬಿಡುವುದಿಲ್ಲ. (ಈ ಗಡುಸುತನ ಫ್ರಿಜ್ಜಿನ ಚಳಿಯಲ್ಲಿ ಇನ್ನೂ ಬೇಗ ಬರುತ್ತದೆ. ತಾಜಾ ಇರಲಿ ಎಂದು ಬ್ರೆಡ್ಡನ್ನು ಫ್ರಿಜ್ಜಿನಲ್ಲಿಡುವವರು ಗೊತ್ತಿಲ್ಲದೆಯೇ ಫ್ರೆಂಚ್ ಟೋಸ್ಟಿಗೆ ತಯಾರಿ ನಡೆಸಿರುತ್ತಾರೆ.) ನಾಲ್ಕು ಹೋಳಿಗೆ 2 ಮೊಟ್ಟೆ, ಅರ್ಧ ಕಪ್ ಹಾಲು, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಇಷ್ಟವಿದ್ದರೆ ಏಲಕ್ಕಿ. ಉಪ್ಪು ಮರೆಯಬಾರದು. ಅಗಲ ತಟ್ಟೆಯಲ್ಲಿ ಒಂದೊಂದು ಬದಿಯನ್ನು ಅರ್ಧ ನಿಮಿಷ ನೆನೆಸಬೇಕು, ಯಾರಿಗೂ ಬೇಡವಾದ ತುದಿಯ ಹೋಳಾದರೆ ಇನ್ನೂ ಸ್ವಲ್ಪ ಹೊತ್ತು. ಬೆಣ್ಣೆಯೊಂದನ್ನೇ ಹಾಕಿದರೆ ಸೀದುಹೋಗುತ್ತದೆ, ಸ್ವಲ್ಪ ಎಣ್ಣೆ ಬೆರೆಸಿ, ಸಣ್ಣ ಉರಿಯಲ್ಲಿ ಒಂದೊಂದು ಬದಿ ಮೂರು ನಿಮಿಷ. ಉರಿ ದೊಡ್ಡದಾದರೆ ಹೊರಗೆ ಕಪ್ಪು, ಒಳಗೆ ಹಸಿ ಮೊಟ್ಟೆ. ಹೆಚ್ಚಿನ ಮನೆಗಳಲ್ಲಿ ಕೆಡುವುದು ಇಲ್ಲೇ, ಬ್ರೆಡ್ಡಿನಿಂದಲ್ಲ.

ಮೊಟ್ಟೆಯಿಲ್ಲದ್ದು ಫ್ರೆಂಚ್ ಟೋಸ್ಟೇ ಅಲ್ಲ ಎಂದು ಮೂಗು ಮುರಿಯುವವರೂ ಇದ್ದಾರೆ. ಅಡುಗೆಮನೆಯಲ್ಲಿ ಮೊಟ್ಟೆ ಒಡೆಯಕೂಡದೆಂದು ಮಾಲೀಕರು ಷರತ್ತು ಹಾಕಿದ ಬಾಡಿಗೆ ಮನೆಯಲ್ಲಿರುವವರ ಮುಂದೆ ಈ ಶಾಸ್ತ್ರ ಹೇಳುವುದು ಕ್ರೌರ್ಯವೇ ಸರಿ. ಶಾಸ್ತ್ರವೂ ಅವರ ಕಡೆಗಿಲ್ಲ. ಅಪೀಶಿಯಸ್ ಹೆಸರಿನಲ್ಲಿ ಉಳಿದಿರುವ ರೋಮನ್ನರ ಅಡುಗೆ ಪುಸ್ತಕದಲ್ಲಿ ಇಂಥದೇ ಒಂದು ಸಿಹಿಯಿದೆ: ಬಿಳಿ ಬ್ರೆಡ್ಡನ್ನು ದೊಡ್ಡ ತುಂಡು ಮಾಡಿ, ಹಾಲಿನಲ್ಲಿ ನೆನೆಸಿ, ಹುರಿದು, ಜೇನು ಸುರಿಯುವುದು. ಲ್ಯಾಟಿನ್ ಪಾಠದಲ್ಲಿ ಮೊಟ್ಟೆಯ ಮಾತೇ ಇಲ್ಲ. ಹೈದರಾಬಾದಿನ ಡಬಲ್ ಕಾ ಮೀಠಾಕ್ಕೂ ಮೊಟ್ಟೆ ಬೇಕಿಲ್ಲ. ಹಾಲಿಗೆ ಒಂದು ಚಮಚ ಕಸ್ಟರ್ಡ್ ಪುಡಿ ಕದಡಿದರೆ ಬೇಕಾದಷ್ಟು ಹಿಡಿತ ಬರುತ್ತದೆ.

ದೊಡ್ಡ ತಪ್ಪು ಮಾತಿನದು. ‘ತಂಗಳು’ ಎಂದರೆ ನಿನ್ನೆಯದು, ಅಷ್ಟೆ. ಕೆಟ್ಟದ್ದಕ್ಕೆ ಕನ್ನಡದಲ್ಲಿ ಬೇರೆಯೇ ಮಾತುಗಳಿವೆ. ಸಾರು ಹಳಸುತ್ತದೆ, ಹಿಟ್ಟು ಮುಗ್ಗುತ್ತದೆ, ಬ್ರೆಡ್ಡಿಗೆ ಬೂಷ್ಟು ಹಿಡಿಯುತ್ತದೆ. ಹಿಂದಿನ ತಲೆಮಾರಿನ ಅಡುಗೆಮನೆಯಲ್ಲಿ ಇವು ಒಂದಕ್ಕೊಂದು ಬೆರೆಯುತ್ತಿರಲಿಲ್ಲ. ಮೂಗಿಗೆ ಹಿಡಿದು, ಬೆರಳಲ್ಲಿ ಒತ್ತಿ, ಯಾವುದು ಯಾವುದೆಂದು ತೀರ್ಮಾನವಾಗುತ್ತಿತ್ತು. ಈಗ ಆ ಕೆಲಸವನ್ನು ಕವರಿನ ಮೇಲಿನ ತಾರೀಖಿಗೆ ಒಪ್ಪಿಸಿಯಾಗಿದೆ. ‘ಬೆಸ್ಟ್ ಬಿಫೋರ್’ ಹೇಳುವುದು ರುಚಿ, ಗುಣಮಟ್ಟದ ಮಾತನ್ನು. ‘ಎಕ್ಸ್‌ಪೈರಿ’ ಹೇಳುವುದು ತಿನ್ನಬಾರದ ಗಡಿಯನ್ನು. ಎರಡನ್ನೂ ಒಂದೇ ಎಂದು ಓದಿ, ಅದರ ಹಿಂದಿನ ದಿನವೇ ಬ್ರೆಡ್ಡಿಗೆ ಸೂತಕ ಹಿಡಿಸುವವರು ಬೇಕಾದಷ್ಟಿದ್ದಾರೆ.

ಬೂಷ್ಟಿನ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಒಂದು ಹೋಳಿನ ಮೇಲೆ ಹಸಿರು ಚುಕ್ಕೆ ಕಂಡರೂ ಇಡೀ ಪ್ಯಾಕನ್ನು ಎಸೆಯಬೇಕು, ಏಕೆಂದರೆ ಅದರ ಎಳೆಗಳು ಕಣ್ಣಿಗೆ ಕಾಣದೆ ಒಳಗೆ ಹಬ್ಬಿರುತ್ತವೆ. ಆ ಜಾಗವನ್ನಷ್ಟೇ ಕತ್ತರಿಸಿ ಉಳಿದದ್ದನ್ನು ಬೇಯಿಸಿದರೆ ಸರಿಹೋಗುವುದಿಲ್ಲ. ಬೂಷ್ಟಿಲ್ಲದ, ಬರೀ ಒಣಗಿದ ಬ್ರೆಡ್ಡಿಗೆ ಈ ಶಿಕ್ಷೆ ಸಲ್ಲದು.

ನಿಜ ಹೇಳಬೇಕೆಂದರೆ ತಂಗಳಿನ ಬಗೆಗಿನ ಅಸಹ್ಯಕ್ಕೆ ಆರೋಗ್ಯ ಒಂದು ನೆಪ. ತಂಗಳು ಯಾರ ಊಟ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹೊಲಕ್ಕೆ ಬರುವ ಆಳಿಗೆ, ಹಿತ್ತಿಲ ಬಾಗಿಲಲ್ಲಿ ನಿಂತವರಿಗೆ. ಊರು ಬಿಟ್ಟು ಮುಂಬೈ, ಚೆನ್ನೈ, ದೆಹಲಿ ಸೇರಿದರೂ ಆ ಬಾಗಿಲು ಜೊತೆಗೇ ಬಂತು. ಅದಕ್ಕೇ ಮೇಜಿನ ಮೇಲೆ ಬೇಡವಾದದ್ದು ಕೆಲಸದಾಕೆಯ ಚೀಲದಲ್ಲಿ ‘ದಾನ’ವಾಗುತ್ತದೆ. ವಿಚಿತ್ರವೆಂದರೆ ಅದೇ ಮನೆಯವರು ಕೆಫೆಗೆ ಹೋಗಿ, ಜೇನು ಸುರಿದ ಪ್ಯಾಂ ಪೆರ್ದ್ಯುಗೆ ನೂರಾರು ರೂಪಾಯಿ ಕೊಟ್ಟು ಫೋಟೊ ತೆಗೆಯುತ್ತಾರೆ. ಕನ್ನಡದಲ್ಲಿ ತಂಗಳು ಎಂದರೆ ಆಗದು, ಫ್ರೆಂಚಿನಲ್ಲಿ ಹೇಳಿದರೆ ಆಗುತ್ತದೆ.

ಕೊಡುವುದೇ ತಪ್ಪೆಂದು ಯಾರೂ ಹೇಳುತ್ತಿಲ್ಲ. ಆಕೆಯ ಮನೆಯಲ್ಲೂ ಭಾನುವಾರಕ್ಕೆ ಟೋಸ್ಟ್ ಕೇಳುವ ಮಕ್ಕಳಿರಬಹುದು. ಹತ್ತು ನಿಮಿಷದಲ್ಲಿ ಬಂದ ಆ ಹೊಸ ಪ್ಯಾಕನ್ನು ಒಡೆಯದೆ ಆಕೆಗೆ ಕೊಡಬಹುದು. ಹಳೆಯ ಆರು ಹೋಳು ಮನೆಯಲ್ಲೇ ಹಾಲಿಗೆ ಬೀಳಲಿ.