ಜಲಚಕ್ರದ ಪಾಠಕ್ಕೆ ನೇತ್ರಾವತಿ

ನೇತ್ರಾವತಿಗೆ ಸೇರುವ ಹಳ್ಳಗಳ ನೀರನ್ನು ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಪಡೆದ ಬಳಿಕ ನೇತ್ರಾವತಿ ಕಣಿವೆಯ ನೀರಿನ ಲೆಕ್ಕ ಬಯಲುಸೀಮೆಯದ್ದೂ ಆಗಿದೆ. ಆ ಲೆಕ್ಕವನ್ನು ನಾಳೆ ಕೇಳಬೇಕಾದ, ಈ ಕಣಿವೆಯ ಲಾಯಿಲದಂಥ ಊರಿನ ಮಕ್ಕಳಿಗೆ ಎಲ್ಲೆಡೆಗೂ ಒಪ್ಪುವ ಜಲಚಕ್ರದ ಚಿತ್ರವೊಂದೇ ಸಾಲದು. ಅರಬ್ಬಿ ಕಡಲಿನ ಆವಿ ಕುದುರೆಮುಖದ ಶ್ರೇಣಿಗೆ ತಾಗಿ ಮಳೆಯಾಗುವುದನ್ನೂ, ಶೋಲಾ ಕಾಡಿನ ಮಣ್ಣು ಅದನ್ನು ಹೀರಿ ಬೇಸಿಗೆಯಲ್ಲಿ ಒಸರಿಸುವುದನ್ನೂ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡ ನದಿ ತುಂಬೆಯಿಂದ ಮಂಗಳೂರಿಗೆ ಕುಡಿಯುವ ನೀರಾಗುವುದನ್ನೂ ಅರಿತ ಮಗು, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಭಾಗವನ್ನು ಕಾಡಿದ ನೆರೆಗೆ ಕಾರಣ ಹುಡುಕಬಲ್ಲದು.

ಪಠ್ಯ ಈಗಾಗಲೇ ಭಾರ, ಎತ್ತಿನಹೊಳೆ ಯೋಜನೆಯ ವಿವಾದ ತರಗತಿಗೆ ಬೇಡ ಎಂಬ ಆಕ್ಷೇಪದಲ್ಲಿ ತೂಕವಿದೆ. ಆದರೆ ನಾವು ಕೇಳುತ್ತಿರುವುದು ಹೊಸ ಪಾಠವನ್ನಲ್ಲ, ಇರುವ ಪಾಠಕ್ಕೆ ಊರ ಹೊಳೆಯ ಉದಾಹರಣೆಯನ್ನು. ಶಿಕ್ಷಣ ಇಲಾಖೆ ದಕ್ಷಿಣ ಕನ್ನಡದ ಪ್ರತಿ ಶಾಲೆಗೂ ನೇತ್ರಾವತಿ ಕಣಿವೆಯ ನಕ್ಷೆಯನ್ನೂ ಮಳೆಮಾಪಕವನ್ನೂ ಮುಂದಿನ ಮಳೆಗಾಲದೊಳಗೆ ಒದಗಿಸಬೇಕು.