ದರ ಕಟ್ಟಿಹಾಕಬೇಕೋ, ಬಿಡಬೇಕೋ?

2025ರ ಜುಲೈ ತಿಂಗಳ ಒಂದು ಭಾನುವಾರ ಇಂಗ್ಲೆಂಡಿನ ಲೆಸ್ಟರ್ ಊರಿನಿಂದ ನನ್ನ ಹಳೆಯ ಶಿಷ್ಯನೊಬ್ಬ ಫೋನ್ ಮಾಡಿದ. ಹತ್ತನೇ ತರಗತಿಯಲ್ಲಿ ವಿದ್ಯುತ್ ಪಾಠದ ಲೆಕ್ಕ ಕಂಡರೆ ಬೆವರುತ್ತಿದ್ದ ಹುಡುಗ. ಈಗ ಹೆಂಡತಿ, ಮಗುವಿನೊಂದಿಗೆ ಅಲ್ಲಿಯೇ ಸಂಸಾರ ಹೂಡಿದ್ದಾನೆ. "ಸಾರ್, ಒಂದು ಲೆಕ್ಕ ಇದೆ, ನೀವೇ ಬಿಡಿಸಿಕೊಡಬೇಕು" ಎಂದ.

ಲೆಕ್ಕ ಇಷ್ಟು. ಅವನ ಮನೆಗೆ ಗ್ಯಾಸು, ಕರೆಂಟು ಕೊಡುವ ಕಂಪನಿ, "ಒಂದು ವರ್ಷ ಇದೇ ದರ, ಏರಿಸುವುದಿಲ್ಲ" ಎಂಬ ಕರಾರು ಮುಂದಿಟ್ಟಿತ್ತು. ಒಪ್ಪಬೇಕೋ, ಬೇಡವೋ? ಅವನ ಆತಂಕಕ್ಕೆ ಬೇರೆ ಕಾರಣವೂ ಇತ್ತು. "ಅಕ್ಟೋಬರಿನಲ್ಲಿ ಅಪ್ಪ, ಅಮ್ಮ ಬರ್ತಾರೆ ಸಾರ್. ಚಳಿಗಾಲ ಪೂರ್ತಿ ಇರ್ತಾರೆ. ಅಪ್ಪನ ಮಂಡಿನೋವು ನಿಮಗೆ ಗೊತ್ತೇ ಇದೆಯಲ್ಲ, ಹಗಲೂ ಮನೆ ಬೆಚ್ಚಗಿರಬೇಕು. ಆದರೆ ಬಿಲ್ ಏರ್ತಾ ಇದೆ ಅಂತ ಗೊತ್ತಾದರೆ ಸಾಕು, ನಾವು ಕೆಲಸಕ್ಕೆ ಹೋದ ಮೇಲೆ ಹೀಟಿಂಗ್ ಆರಿಸಿ ಕಂಬಳಿ ಹೊದ್ದು ಕೂತುಬಿಡ್ತಾರೆ."

ಅವರನ್ನು ನಾನು ಬಲ್ಲೆ. ಪಕ್ಕದ ಮನೆಯ ವರಾಂಡದಲ್ಲಿ ಹಗಲು ದೀಪ ಉರಿದರೂ ಹೋಗಿ ಆರಿಸಿ ಬರುವ ಮನುಷ್ಯ!

ನಮ್ಮಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಶಿವಮೊಗ್ಗದವನಾದ ನನಗೆ ಕರೆಂಟು ಕೊಡುವುದು ಮೆಸ್ಕಾಂ, ಅದರ ದರ ನಿರ್ಧರಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ನನ್ನ ಆಯ್ಕೆ ಏನೂ ಇಲ್ಲ. ಬ್ರಿಟನ್ನಿನಲ್ಲಿ ಹಾಗಲ್ಲ. ಕೊಳವೆಯೂ ತಂತಿಯೂ ಅವೇ ಇರುತ್ತವೆ, ಮಾರುವ ಕಂಪನಿಯನ್ನು ಮಾತ್ರ ಗ್ರಾಹಕ ಬದಲಿಸಬಹುದು. ಕರಾರು ಮಾಡಿಕೊಂಡರೆ ಸ್ಥಿರ ದರ. ಮಾಡಿಕೊಳ್ಳದಿದ್ದವರಿಗೆ ಏರಿಳಿಯುವ ದರ. ಆ ಏರಿಳಿಯುವ ದರಕ್ಕೆ 2019ರ ಜನವರಿಯಿಂದ ಆಫ್‌ಜೆಮ್ ಎಂಬ ಸರ್ಕಾರಿ ನಿಯಂತ್ರಕ ಸಂಸ್ಥೆ ಒಂದು ಮಿತಿ ಹಾಕುತ್ತಿದೆ. ಮೊದಲು ಆರು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಈ ಮಿತಿ 2022ರ ಅಕ್ಟೋಬರಿನಿಂದ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ.

ನಮ್ಮ ಹುಡುಗ ಎಡವಿದ್ದು ಇಲ್ಲಿಯೇ. "2025ರ ಜುಲೈ ಮಿತಿ 1,720 ಪೌಂಡ್ ಸಾರ್, ಅದಕ್ಕಿಂತ ಹೆಚ್ಚು ಬರೋದೇ ಇಲ್ಲವಲ್ಲ?" ಎಂದ. ಬರುತ್ತದೆ ಕಣಪ್ಪ, ಧಾರಾಳವಾಗಿ ಬರುತ್ತದೆ. ಮಿತಿ ಇರುವುದು ಯೂನಿಟ್ಟಿನ ಬೆಲೆಗೆ, ಬಿಲ್ಲಿಗಲ್ಲ. ವರ್ಷಕ್ಕೆ 2,700 ಯೂನಿಟ್ ಕರೆಂಟು, 11,500 ಯೂನಿಟ್ ಗ್ಯಾಸು ಬಳಸುವ ಒಂದು ಕಲ್ಪಿತ ಮನೆಯ ಬಿಲ್ ಎಷ್ಟಾದೀತು ಎಂಬುದೇ ಆ 1,720. ಹೆಚ್ಚು ಉರಿಸಿದವನಿಗೆ ಹೆಚ್ಚು. ಸ್ಥಿರ ದರದ ಕರಾರಿಗೂ ಈ ಮಾತು ಅನ್ವಯಿಸುತ್ತದೆ. ಇನ್ನು ತಿಂಗಳು ತಿಂಗಳೂ ಬ್ಯಾಂಕಿನಿಂದ ಒಂದೇ ಮೊತ್ತ ಕಡಿತವಾಗುತ್ತಿದೆಯೆಂದು ದರ ಸ್ಥಿರವಾಗಿದೆ ಎಂದುಕೊಳ್ಳುವವರಿದ್ದಾರೆ. ಅದು ಕೇವಲ ಕಂತು. ದರ ಏರಿದರೆ ಕಂತೂ ಏರುತ್ತದೆ.

ವಿದ್ಯಾರ್ಥಿಗಳು ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ. ಗ್ಯಾಸನ್ನು ಯೂನಿಟ್ಟಿನಲ್ಲಿ ಅಳೆಯುವುದು ಹೇಗೆ? ಮೀಟರು ತೋರಿಸುವುದು ಘನ ಮೀಟರ್. ಆದರೆ ಮಾರಾಟವಾಗುವುದು ಶಾಖ. ಒಂದು ಘನ ಮೀಟರ್ ಅನಿಲ ಉರಿದರೆ ಹೆಚ್ಚುಕಡಿಮೆ 39 ಮೆಗಾಜೂಲ್ ಶಾಖ ಬರುತ್ತದೆ. ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್ ಒಂದು ಗಂಟೆ ಕಾಲ. 1,000 ವ್ಯಾಟನ್ನು 3,600 ಸೆಕೆಂಡಿನಿಂದ ಗುಣಿಸಿದರೆ 3.6 ಮೆಗಾಜೂಲ್. 39ನ್ನು 3.6ರಿಂದ ಭಾಗಿಸಿ, ಉಷ್ಣತೆ ಮತ್ತು ಒತ್ತಡಕ್ಕಾಗಿ 1.02264ರಿಂದ ಗುಣಿಸುತ್ತಾರೆ. ಉತ್ತರ ಸುಮಾರು 11. ಅಂದರೆ ಮೀಟರು ಒಂದು ಅಂಕೆ ಮುಂದೆ ಹೋದರೆ ಬಿಲ್ಲಿನಲ್ಲಿ 11 ಯೂನಿಟ್. ನಮ್ಮ ಅಡುಗೆಮನೆಯ 14.2 ಕಿಲೋ ಸಿಲಿಂಡರಿನಲ್ಲಿ ಇರುವುದು ಹೆಚ್ಚುಕಡಿಮೆ 190 ಯೂನಿಟ್. ಆ ಕಲ್ಪಿತ ಇಂಗ್ಲಿಷ್ ಮನೆ ವರ್ಷಕ್ಕೆ 60 ಸಿಲಿಂಡರಿನಷ್ಟು ಶಾಖ ಉರಿಸುತ್ತದೆ! ಅಡುಗೆಗಲ್ಲ, ಮುಖ್ಯವಾಗಿ ಗೋಡೆಯೊಳಗಿನ ಗಾಳಿಯನ್ನು ಬೆಚ್ಚಗಿಡಲು.

ಹಾಗಾಗಿ ಅವನಿಗೆ ಮೊದಲು ಹೇಳಿದ್ದು, "ಪತ್ರಿಕೆಯ ಅಂಕಿ ಬಿಡು, ನಿನ್ನ ಮನೆಯ ಯೂನಿಟ್ ಹೇಳು." ಹಿಂದಿನ ವರ್ಷ ಕರೆಂಟು ಸುಮಾರು 2,400, ಗ್ಯಾಸು 9,000. ಅಪ್ಪ, ಅಮ್ಮನ ಚಳಿಗಾಲಕ್ಕೆಂದು ಗ್ಯಾಸಿಗೆ 3,000 ಸೇರಿಸಿದೆವು. ಮಿತಿಯ ದರ ಆಗ ಕರೆಂಟಿಗೆ ಸರಾಸರಿ 25.73 ಪೆನ್ಸ್, ಗ್ಯಾಸಿಗೆ 6.33 ಪೆನ್ಸ್. ಕಂಪನಿ ಮುಂದಿಟ್ಟದ್ದು 25 ಮತ್ತು 5.9. ಇದಲ್ಲದೆ ದಿನಕ್ಕಿಷ್ಟು ಎಂಬ ಸ್ಟ್ಯಾಂಡಿಂಗ್ ಚಾರ್ಜ್ ಇದೆ, ನಮ್ಮ ಬಿಲ್ಲಿನ ನಿಗದಿತ ಶುಲ್ಕದ ಹಾಗೆ. ಅದು ಎರಡೂ ಕಡೆ ಎರಡೂ ಸೇರಿ ದಿನಕ್ಕೆ 81, 82 ಪೆನ್ಸ್. ಗುಣಿಸಿ, ಕೂಡಿಸಿದಾಗ ಮಿತಿಯ ದರದಲ್ಲಿ ವರ್ಷಕ್ಕೆ 1,673 ಪೌಂಡ್, ಕರಾರಿನಲ್ಲಿ 1,607. ಉಳಿತಾಯ 66 ಪೌಂಡ್.

ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ಒಂದಿದೆ. ಗ್ಯಾಸಿನ ದರ 1 ಪೆನ್ನಿ ಆಚೀಚೆಯಾದರೆ ಅವನಿಗೆ ವರ್ಷಕ್ಕೆ 120 ಪೌಂಡ್ ವ್ಯತ್ಯಾಸ. ಕರೆಂಟಿನಲ್ಲಿ ಅದೇ 1 ಪೆನ್ನಿಗೆ ಬರೀ 24. "ಕರೆಂಟು ಅಗ್ಗ" ಎಂದು ದೊಡ್ಡಕ್ಷರದಲ್ಲಿ ಸಾರಿ ಗ್ಯಾಸಿನಲ್ಲಿ ಸ್ವಲ್ಪವೇ ಏರಿಸಿದ ಕರಾರು ಇವನಂಥವನಿಗೆ ನಷ್ಟದ್ದು.

"ಆದರೆ ದರ ಇಳಿದುಬಿಟ್ಟರೆ ಸಾರ್?" ಇಳಿಯಬಹುದು. ಇಡೀ ವರ್ಷದ ಸರಾಸರಿಯಲ್ಲಿ ಒಟ್ಟು ಬಿಲ್ ಶೇಕಡಾ 4ಕ್ಕಿಂತ ಹೆಚ್ಚು ಇಳಿದರೆ ಮಾತ್ರ ಕರಾರು ಮಾಡಿಕೊಂಡವನಿಗೆ ನಷ್ಟ. ನಡುವೆ ಬಿಟ್ಟುಹೋಗಲು ದಂಡವಿತ್ತು, ಗ್ಯಾಸಿಗೆ 50, ಕರೆಂಟಿಗೆ 50 ಪೌಂಡ್. ಕೊನೆಯ 49 ದಿನಗಳಲ್ಲಿ ಬಿಟ್ಟರೆ ದಂಡ ಹಾಕುವಂತಿಲ್ಲ ಎಂಬ ನಿಯಮ ಅಲ್ಲಿದೆ.

ಅಷ್ಟು ಹೊತ್ತಿಗೆ ಅವನ ನಿಜವಾದ ಹಿಂಜರಿಕೆ ಹೊರಬಿತ್ತು. 2021ರಲ್ಲಿ ಒಮ್ಮೆ ಹೀಗೆ ಅಗ್ಗದ ಕರಾರು ಮಾಡಿಕೊಂಡಿದ್ದನಂತೆ, ಒಂದು ಚಿಕ್ಕ ಕಂಪನಿಯೊಡನೆ. ಆ ಚಳಿಗಾಲದಲ್ಲಿ ಕಂಪನಿಯೇ ಮುಚ್ಚಿಹೋಯಿತು. ಕಟ್ಟಿದ್ದ ಮುಂಗಡ ಹಣ ಉಳಿಯಿತು, ಕರಾರಿನ ದರ ಉಳಿಯಲಿಲ್ಲ. ಅವನನ್ನು ಬೇರೊಂದು ಕಂಪನಿಗೆ ವರ್ಗಾಯಿಸಿ ಮಿತಿಯ ದರ ಹಾಕಿದರು. ಆ ಮಿತಿ 1,277 ಪೌಂಡಿನಿಂದ 2022ರ ಏಪ್ರಿಲಿನಲ್ಲಿ 1,971ಕ್ಕೆ ಜಿಗಿಯಿತು. ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿದ ಮೇಲೆ ಇನ್ನೂ ಏರಿ, 2023ರ ಜನವರಿಗೆ ಕಾಗದದ ಮೇಲೆ 4,279 ಆಯಿತು. ಸರ್ಕಾರ ನಡುವೆ ಬಂದು ಅಂಥದೊಂದು ಕಲ್ಪಿತ ಮನೆಗೆ 2,500ಕ್ಕೆ ತಡೆದದ್ದರಿಂದ ಜನ ಬಚಾವಾದರು.

ಅಂದು ಮುಚ್ಚಿದ ಕಂಪನಿಗಳು ಮೂವತ್ತರ ಸುಮಾರು. ಕಾರಣ ನಮ್ಮ ಹಳ್ಳಿಯವರಿಗೂ ಅರ್ಥವಾಗುವಂಥದ್ದೇ. ವರ್ಷವಿಡೀ ಇದೇ ಬೆಲೆಗೆ ಅಕ್ಕಿ ಕೊಡುತ್ತೇನೆಂದು ಮುಂಗಡ ಹಿಡಿದ ವ್ಯಾಪಾರಿ ಸುಗ್ಗಿಯಲ್ಲೇ ಭತ್ತ ಕೊಂಡು ಗೋದಾಮು ತುಂಬಿಸಿಟ್ಟಿರಬೇಕು. ಕೊಂಡಿಡದೆ ಮಾತು ಕೊಟ್ಟು, ಆಮೇಲೆ ಪೇಟೆಯ ಬೆಲೆ ಮೂರು ಪಟ್ಟಾದರೆ ಅವನು ಅಂಗಡಿಗೆ ಬೀಗ ಹಾಕುತ್ತಾನೆ. ಅನೇಕ ಚಿಕ್ಕ ಕಂಪನಿಗಳು ಮಾಡಿದ್ದು ಇದನ್ನೇ. ಗ್ಯಾಸು ತುಟ್ಟಿಯಾದರೆ ಅಲ್ಲಿ ಕರೆಂಟೂ ತುಟ್ಟಿ, ಏಕೆಂದರೆ ಬಹಳಷ್ಟು ಹೊತ್ತು ವಿದ್ಯುತ್ತಿನ ಸಗಟು ಬೆಲೆ ನಿರ್ಧಾರವಾಗುವುದು ಗ್ಯಾಸು ಉರಿಸುವ ಸ್ಥಾವರಗಳ ಖರ್ಚಿನಿಂದ.

ಈ ಸಲದ ಕಂಪನಿ ದೊಡ್ಡದು, ಹಳೆಯದು. "ಲಾಭ ಆಗುತ್ತೆ ಅಂತ ಅಲ್ಲ ಕಣಪ್ಪ," ಎಂದೆ, "ಆರು ತಿಂಗಳು ನಿಮ್ಮಪ್ಪ ಮನೆಯಲ್ಲಿರುವಾಗ ದರದ ಸುದ್ದಿ ಟಿ.ವಿ.ಯಲ್ಲಿ ಬಂದರೂ ನಿನ್ನ ಮನೆಗೆ ಅದು ತಾಗಬಾರದು. ಅದಕ್ಕಾಗಿ ಮಾಡಿಕೋ. ಬರೀ ನೀವು ಮೂವರೇ ಇದ್ದಿದ್ದರೆ, ಕೈಯಲ್ಲಿ ನಾಲ್ಕು ಕಾಸು ಇದ್ದಿದ್ದರೆ, ಕಾದು ನೋಡು ಅನ್ನುತ್ತಿದ್ದೆ." ಅವನು ಕರಾರು ಮಾಡಿಕೊಂಡ. ಅಕ್ಟೋಬರಿನಲ್ಲಿ ಮಿತಿ 1,755ಕ್ಕೆ ಏರಿತು. ಗ್ಯಾಸಿನ ದರ ಕೂದಲೆಳೆಯಷ್ಟು ಇಳಿದು 6.29 ಆಯಿತು, ಕರೆಂಟಿನದು 26.35.

2026ರ ಜನವರಿಯಲ್ಲಿ ಅವನ ತಂದೆಯೇ ಫೋನ್ ಮಾಡಿದರು. "ಮೇಷ್ಟ್ರೇ, ಇಲ್ಲಿ ಸಿಕ್ಕಾಪಟ್ಟೆ ಚಳಿ. ದಿನಾ ಬೆಳಿಗ್ಗೆ ಮೀಟರ್ ನೋಡಿ ಕ್ಯಾಲೆಂಡರಿನಲ್ಲಿ ಬರೀತಾ ಇದ್ದೀನಿ. ನಿನ್ನೆ ಆರು ಓಡಿದೆ. ಹನ್ನೊಂದರಿಂದ ಗುಣಿಸಬೇಕಂತಲ್ಲ?"

ಗುಣಿಸಿದೆವು. 66 ಯೂನಿಟ್, 5.9 ಪೆನ್ಸಿನಂತೆ 3 ಪೌಂಡ್ 89 ಪೆನ್ಸ್. ಅವರು ಆಗಲೇ ರೂಪಾಯಿಗೆ ತಿರುಗಿಸಿದ್ದರು. "ನಾನೂರಕ್ಕೂ ಮೇಲಾಯ್ತಲ್ಲ ಮೇಷ್ಟ್ರೇ, ಒಂದೇ ದಿನಕ್ಕೆ!" ಎಂದರು. ಹೀಟಿಂಗ್ ಹಾಕಿದ್ದೀರೋ ಆರಿಸಿದ್ದೀರೋ ಎಂದು ಕೇಳಿದೆ. "ಹಾಕಿದ್ದೀನಿ. ವರ್ಷಪೂರ್ತಿ ದರ ಏರಲ್ಲ ಅಂತ ಮಗ ಕಾಗದ ತೋರಿಸಿದಾನೆ" ಎಂದರು.