'ಒಪ್ಪಿದೆ' ಒತ್ತುವ ಮುಂಚೆ ಕನ್ನಡದಲ್ಲಿ ಕೇಳೋಣ

ಹೊಸ ಆ್ಯಪ್ ಹಾಕಿಕೊಂಡಾಗ ಮಾರುದ್ದದ ಇಂಗ್ಲಿಷ್ ಬರಹ ಬರುತ್ತೆ, ಕೆಳಗೊಂದು ಬಟನ್. ಓದದೇ ಒತ್ತಿಬಿಡ್ತೀವಿ. ನಮ್ಮ ಹೆಸರು, ನಂಬರು, ಫೋಟೊ, ಓಡಾಡಿದ ಜಾಗ ಎಲ್ಲವೂ ಅಲ್ಲಿಂದ ಹೊರಡುತ್ತವೆ, ಎಷ್ಟೋ ಸಲ ಹೊರದೇಶದ ಸರ್ವರ್‌ಗಳಿಗೆ. ಅರ್ಥವಾಗದ್ದಕ್ಕೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ?

ಅಲ್ಲ ಅನ್ನುತ್ತೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಒಪ್ಪಿಗೆ ತಿಳಿದು ಕೊಟ್ಟದ್ದಾಗಿರಬೇಕು. ಅದಕ್ಕೇ ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು ಅಂತ 5 ಮತ್ತು 6ನೇ ಸೆಕ್ಷನ್‌ಗಳು ಹೇಳುತ್ತವೆ. ಕನ್ನಡ ಆ ಪಟ್ಟಿಯಲ್ಲಿದೆ. ತುಳು, ಬಡಗ ಇಲ್ಲ ಅನ್ನೋದು ಬೇರೆಯದೇ ಕೊರಗು.

ಗಡಿನಾಡಿನ ನಮಗೆ ಇದರ ಬೆಲೆ ಹೆಚ್ಚು. ಸರ್ಕಾರಿ ಪ್ರಕಟಣೆ ಕನ್ನಡದಲ್ಲಿ ಕೊಡಿ ಅಂದರೆ, ಇಲ್ಲಿ ಕನ್ನಡಿಗರು ಶೇ 15ರಷ್ಟು ಇದ್ದಾರಾ ಅನ್ನೋ ಲೆಕ್ಕ ಎದುರಾಗುತ್ತೆ. ಈ ಕಾಯ್ದೆಯಲ್ಲಿ ಆ ಲೆಕ್ಕವೇ ಇಲ್ಲ. ಮಂಜೇಶ್ವರವಿರಲಿ, ತಾಳವಾಡಿಯಿರಲಿ, ಜತ್ತವಿರಲಿ, ಊರಲ್ಲಿ ಕನ್ನಡ ಓದುವವರು ಒಬ್ಬರೇ ಇದ್ದರೂ ಹಕ್ಕು ಹಕ್ಕೇ.

ಆದರೆ ಒಂದು ಕೊರತೆಯಿದೆ. 16ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ನಿರ್ಬಂಧಿಸಿದ ದೇಶಗಳನ್ನು ಬಿಟ್ಟು ಉಳಿದ ಕಡೆಗೆ ನಮ್ಮ ಮಾಹಿತಿ ಹೋಗಬಹುದು. ಯುರೋಪಿನ ಜಿಡಿಪಿಆರ್ ಕಾನೂನಿನಲ್ಲಿ, ಹೊರಗೆ ಕಳಿಸೋದಿದ್ದರೆ ಮೊದಲೇ ಹೇಳಬೇಕು. ನಮ್ಮ ಕಾಯ್ದೆ ನೋಟಿಸಿನಲ್ಲಿ ಅದನ್ನು ಕಡ್ಡಾಯ ಮಾಡಿಲ್ಲ. ನಮಗಿರುವ ದಾರಿ 11ನೇ ಸೆಕ್ಷನ್: ಮಾಹಿತಿಯನ್ನು ಯಾರ್ಯಾರಿಗೆ ಹಂಚಿದ್ದೀರಿ ಅಂತ ಕೇಳಬಹುದು. ಉತ್ತರ ಹಿಡಿಸದಿದ್ದರೆ ಒಪ್ಪಿಗೆ ವಾಪಸ್ ಪಡೆಯಬಹುದು. ಅದು ಕೊಟ್ಟಷ್ಟೇ ಸುಲಭವಾಗಿರಬೇಕು ಅಂತಲೂ ಕಾಯ್ದೆಯಲ್ಲಿದೆ.

ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ನೋಟಿಸಿನ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು. ಹಾಗಂತ ಕಾದು ಕೂರೋದು ಬೇಡ. ಕೇಳುವವರಿಲ್ಲ ಅಂದ್ರೆ ಹೆಸರಿಗೊಂದು ಕನ್ನಡ, ಯಂತ್ರ ಉಗುಳಿದ ಅನುವಾದ ಬಂದು ಕೂರುತ್ತೆ. ದಿನಾ ಬಳಸುವ ಆ್ಯಪಿಗೆ ಇವತ್ತೇ ಬರೆಯೋಣ: "ಒಪ್ಪಿಗೆಯ ನೋಟಿಸು ಕನ್ನಡದಲ್ಲಿ ಎಲ್ಲಿದೆ? ನಮ್ಮ ಮಾಹಿತಿ ಯಾವ ದೇಶಕ್ಕೆ ಹೋಗುತ್ತೆ?"

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ. ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಎರಡು ಸಾಲು ಬರೆಯೋಕೆ ನಮಗೇನು ಧಾಡಿ?